ಗುಡ್ಡದ ಮೇಲಣ ಮನೆ: ಸುರಪುರದ ಟೇಲರ್ ಮಂಜಿಲ್



ರಾಯಚೂರಿನಿಂದ ದಕ್ಷಿಣಕ್ಕೆ ಮಂತ್ರಾಲಯದ ದಾರಿಯನ್ನು ಹಿಡಿದು ಹೊರಟವರಿಗೆ ಯರಗೇರಾ ಎಂಬ ಊರು ದೊರೆಯುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಇದು ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದ್ದಿತು. 1905ರಲ್ಲಿ ಜಿಲ್ಲೆ ತಾಲ್ಲೂಕುಗಳ ಎಲ್ಲೆಗಳನ್ನು ಹೊಸದಾಗಿ ಗೊತ್ತುಮಾಡಿದಾಗ ಆ ಪದವಿಯನ್ನು ಕಳೆದುಕೊಂಡಿತು. ಇದರ ಸುತ್ತಲಿನ ಸೀಮೆ ಬಹುಮಟ್ಟಿಗೆ ಬಯಲು. ಜೋಳದ ಹೊಲಗಳ ನಡುವೆ ನಿಂತು ದೂರಕ್ಕೆ ಕಣ್ಣು ಹಾಯಿಸಿದರೆ, ಯಾರೋ ದೈತ್ಯರು ರಾಶಿಹಾಕಿ ಮರೆತು ಹೋದಂತೆ, ಅಲ್ಲೊಂದು ಇಲ್ಲೊಂದು ಕಲ್ಲುಗುಡ್ಡ ಮಾತ್ರ ಕಾಣುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ಹೊಳೆಗಳ ನಡುವಿನ ಈ ಫಲವತ್ತಾದ ನೆಲಕ್ಕಾಗಿ ನೂರಾರು ವರ್ಷ ಕಾದಾಡಿದವರಿಗೆ ಆ ಗುಡ್ಡಗಳು ಬರಿಯ ಗುಡ್ಡಗಳಾಗಿರಲಿಲ್ಲ. ಅವು ನಾಡಿನ ಕಣ್ಣುಗಳಾಗಿದ್ದುವು.

ಇಂತಹ ಒಂದು ಗುಡ್ಡದ ನೆತ್ತಿಯ ಮೇಲೆ ಕಟ್ಟಿದ ಮನೆಯ ವಿಚಾರವನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಅದು ಸುರಪುರದ ಟೇಲರ್ ಮಂಜಿಲ್. ಆದರೆ ಆ ಮನೆಯ ಹೊಸತನವು ಮನಸ್ಸಿಗೆ ಬರಬೇಕಾದರೆ, ಅದಕ್ಕಿಂತ ಮೊದಲು ಈ ಸೀಮೆಯವರು ಮನೆಯನ್ನು ಹೇಗೆ ಕಟ್ಟುತ್ತಿದ್ದರು, ಗುಡ್ಡವನ್ನು ಯಾರು ಏರುತ್ತಿದ್ದರು ಎಂಬುದನ್ನು ತಿಳಿಯುವುದು ಅವಶ್ಯಕ. ಆದುದರಿಂದ ಮೊದಲು ಬಯಲಿನ ಮನೆಯನ್ನು ಹೊಕ್ಕು, ಆಮೇಲೆ ರಾಯಚೂರಿನ ಗುಡ್ಡವನ್ನೊಮ್ಮೆ ಏರಿ, ಅಲ್ಲಿಂದ ದೇವದುರ್ಗದ ಮೇಲೆ ಹಾಯ್ದು ಕೃಷ್ಣೆಯನ್ನು ದಾಟೋಣ.

ಒಕ್ಕಲಿಗನಾದವನು ತಾನಾಗಿ ಗುಡ್ಡದ ಮೇಲೆ ಮನೆ ಕಟ್ಟುವುದಿಲ್ಲ. ಅವನ ಹೊಲ ಕೆಳಗೆ, ಬಾವಿ ಕೆಳಗೆ, ದನ ಮೇಯುವ ಬೀಡು ಕೆಳಗೆ. ದೂರದ ಬೆಟ್ಟ ನುಣ್ಣಗೆ ಕಾಣುವುದೇನೋ ನಿಜ. ಆದರೆ ಒಂದು ಕೊಡ ನೀರನ್ನು ಹೊತ್ತು ಅದನ್ನು ಏರಿದವರಿಗೆ ಅದರ ನುಣುಪು ಗೊತ್ತು. ಅವನು ಕಟ್ಟಿಕೊಂಡುದು ಮಾಳಿಗೆಯ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ. ಮರದ ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ. ಅದರ ಮೇಲೆ ಸೊಪ್ಪುಸದೆಯನ್ನು ಹರಡಿ ಸೌಳುಮಣ್ಣನ್ನು ಬಡಿದು ಮಾಡಿದ ಮಟ್ಟಸವಾದ ಮೇಲ್ಛಾವಣಿ. ಮನೆಯ ಅಳತೆಯನ್ನು ಗಜದಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ಒಳಗೆ ಪಡಸಾಲೆ, ಒಂದು ಪಕ್ಕಕ್ಕೆ ದನಗಳ ಗೋದಲಿ, ನೆಲದಡಿಯಲ್ಲಿ ಕಾಳು ತುಂಬುವ ಹಗೇವು. ಗೋಡೆಗೆ ಕಿಟಕಿ ಇಲ್ಲವೆನ್ನುವಷ್ಟು ಕಡಮೆ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿದುಬರಬೇಕು. ಈ ಮನೆಯ ಮುಖ ಒಳಕ್ಕೆ. ಇದಕ್ಕೆ ಎರಡು ಕಾರಣಗಳು: ಒಂದು ಬೇಸಗೆಯ ಉರಿ, ಮತ್ತೊಂದು ದಂಡಿನ ಹಾಗೂ ದರೋಡೆಯ ಭಯ. ದಪ್ಪ ಗೋಡೆಯೂ ಚಿಕ್ಕ ಬಾಗಿಲೂ ಎರಡಕ್ಕೂ ಒಂದೇ ಮದ್ದಾಗಿದ್ದುವು.

ಇನ್ನು ಗುಡ್ಡವನ್ನೇರಿದವರು ಆಳುವವರು. ರಾಯಚೂರಿನ ಕೋಟೆಯನ್ನು ನೋಡಿದವರಿಗೆಲ್ಲ ಬಾಲಾಹಿಸಾರ್ ಪರಿಚಿತವಾದುದು. ಕೆಳಗಿನ ಒಳಕೋಟೆಯನ್ನು ಕಟ್ಟಿಸಿದವನು ಕಾಕತೀಯ ಅರಸರ ಅಧಿಕಾರಿಯಾದ ಗೋರೆ ಗನ್ನಯರೆಡ್ಡಿ, ಕಾಲ 1294. ಇದನ್ನು ಹೇಳುವ ಶಾಸನದ ಕಲ್ಲು ಸುಮಾರು 41 ಅಡಿ ಉದ್ದದ ಒಂದೇ ಬಂಡೆ. ಅಂತಹ ಬಂಡೆಯನ್ನು ಗಾಡಿಯ ಮೇಲೇರಿಸಿ ಕೋಣಗಳ ಸಾಲನ್ನು ಹೂಡಿ ಎಳೆದು ತಂದ ಬಗೆಯನ್ನು ಅಲ್ಲಿಯೇ ಗೋಡೆಯ ಮೇಲೆ ಚಿತ್ರವಾಗಿ ಗೀರಿದ್ದಾರೆ. ಬಹುಮಂದಿ ಅರಸರು ತಮ್ಮ ಬಿರುದುಗಳನ್ನು ಕಲ್ಲಿನಲ್ಲಿ ಬರೆಯಿಸಿದರು. ಕಲ್ಲೆಳೆದ ಶ್ರಮವನ್ನೇ ಕಲ್ಲಿನಲ್ಲಿ ಬರೆಯಿಸಿದವರು ವಿರಳ. ಈ ಒಳಗೋಡೆಯ ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡುವಂತೆ ಕಡೆದು ಜೋಡಿಸಿದೆ.

ಕೋಟೆಯೊಳಗಿನ ಗುಡ್ಡವನ್ನು ಹತ್ತಿ ನೆತ್ತಿಗೆ ಬಂದರೆ ಮೂರು ಕಮಾನುಗಳ ಒಂದು ದರ್ಬಾರು ಚಾವಡಿ, ಅದರ ಬಳಿ ಚಿಕ್ಕದೊಂದು ಮಸೀದಿ, ಪಂಚಬೀಬಿಯರೆಂದು ಜನರು ಭಕ್ತಿಯಿಂದ ಕರೆಯುವ ಐವರು ಸಾಧ್ವಿಯರ ಸಮಾಧಿಸ್ಥಳ ಕಾಣುತ್ತವೆ; ಬುರುಜಿನ ಮೇಲೆ, ಕಬ್ಬಿಣದ ಪಟ್ಟಿಗಳನ್ನು ಕೂಡಿಸಿ ಬಳೆ ತೊಡಿಸಿ ಮಾಡಿದ, 20 ಅಡಿಗೂ ಮಿಕ್ಕ ಉದ್ದದ ಒಂದು ತೋಪು. ಚಾವಡಿ ಮತ್ತು ತೋಪು ಹೀಗೆ ಒಂದೇ ನೆತ್ತಿಯ ಮೇಲೆ ನೆರೆಹೊರೆಯಾಗಿರುವುದು ಅರ್ಥವಿಲ್ಲದ ಮಾತಲ್ಲ. ಇಲ್ಲಿ ಕುಳಿತವನು ನ್ಯಾಯವನ್ನು ಹೇಳುತ್ತಿರಬಹುದು, ಸಂಗೀತವನ್ನು ಕೇಳುತ್ತಿರಬಹುದು. ಅವನ ಒಂದು ಕಣ್ಣು ಮಾತ್ರ ಬಯಲಿನ ಧೂಳಿನ ಮೇಲೆ ಇದ್ದೇ ಇರಬೇಕು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಹನಿಂದ ಈ ಕೋಟೆಯನ್ನು ಕಸಿದುಕೊಂಡಾಗ, ಆ ಧೂಳು ಎಂತಹುದೆಂಬುದು ಇಲ್ಲಿದ್ದವರಿಗೆ ತಿಳಿಯಿತು. ಬಯಲಿನ ಮನೆಯ ಮುಖ ಒಳಕ್ಕಾದರೆ, ಈ ಗುಡ್ಡದ ಮನೆಯ ಮುಖ ಶತ್ರುವಿನ ಕಡೆಗೆ. ಭಯ ಮಾತ್ರ ಎರಡಕ್ಕೂ ಸಮಾನ.

ಈಗ ಮುಂದೆ ಸಾಗೋಣ. ರಾಯಚೂರಿನಿಂದ ವಾಯವ್ಯಕ್ಕೆ ಹೋದರೆ ದೇವದುರ್ಗ. ಬೇಡ ನಾಯಕರ ಹೆಸರಿನೊಡನೆ ಹೆಣೆದುಕೊಂಡಿರುವ ಊರು. ಅಲ್ಲಿಂದ ಮುಂದೆ, ಮೌನೇಶ್ವರನ ಕ್ಷೇತ್ರವಾದ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿದರೆ, ಇಂದು ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರದ ಸೀಮೆ. ಇಲ್ಲಿ ನೆಲದ ಸ್ವರೂಪವೇ ಬೇರೆ. ಬಯಲು ಮುಗಿದು ಗುಡ್ಡಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಅವುಗಳ ಮಡಿಲಲ್ಲಿ ಊರು ಅಡಗಿದೆ.

ಸುರಪುರದ ಗೋಸಲ ವಂಶದ ನಾಯಕರು ಗುಡ್ಡದ ಮರ್ಮವನ್ನು ಅರಿತವರು. 1705ರಲ್ಲಿ ಔರಂಗಜೇಬನು ತಾನೇ ದಂಡನ್ನು ಕೂಡಿಕೊಂಡು ಇವರ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದನು. ಎಂಬತ್ತೇಳರ ಹತ್ತಿರದ ವಯಸ್ಸಿನ ಆ ಚಕ್ರವರ್ತಿ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. ಪಿಡ್ಡನಾಯಕನ ಕಡೆಯವರು ಸುಮಾರು ಮೂರು ತಿಂಗಳು ಕೋಟೆಯನ್ನು ಹಿಡಿದು ನಿಂತರು. ಧನಾಜಿ ಜಾಧವನ ಮರಾಠ ಕುದುರೆಪಡೆ ನೆರವಿಗೆ ಬಂದಿತು. ಕಡೆಗೆ ನಾಯಕನು ಕೈಗೆ ಸಿಕ್ಕದೆ ಜಾರಿಕೊಂಡನು, ಬಾದಶಹನಿಗೆ ಬರಿದಾದ ಕೋಟೆ ದಕ್ಕಿತು. ಅನಂತರ ಹತ್ತಿರದ ದೇವಾಪುರದಲ್ಲಿ ಬೀಡು ಬಿಟ್ಟಿದ್ದಾಗ ಔರಂಗಜೇಬನು ಕಾಯಿಲೆ ಬಿದ್ದನು. ಅಲ್ಲಿಂದ ಹಿಂದಿರುಗಿದವನು 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ವಾಗಿನಗೇರಾದ ತರುವಾಯ ನಾಯಕರ ರಾಜಧಾನಿಯಾಗಿ ಬೆಳೆದುದೇ ಸುರಪುರ. ಅರಮನೆಗಳು, ವೇಣುಗೋಪಾಲಸ್ವಾಮಿಯ ಗುಡಿ, ಚಿನ್ನದ ರೇಕು ಹಚ್ಚಿ ಚಿತ್ರ ಬರೆಯುವ ಕಲೆಗಾರರ ಮನೆತನಗಳು, ಇವೆಲ್ಲ ಈ ಗುಡ್ಡಗಳ ನಡುವೆ ನೆಲೆಗೊಂಡುವು.

ಇಂತಹ ಊರಿಗೆ 1840ರ ದಶಕದ ಆರಂಭದಲ್ಲಿ ಒಬ್ಬ ಪರದೇಶೀಯನು ಬಂದನು. ಅವನೇ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಒಬ್ಬ ವರ್ತಕನ ಕೈಕೆಳಗೆ ದುಡಿಯಲೆಂದು ಮುಂಬಯಿಗೆ ಬಂದಿಳಿದ ಹುಡುಗ ಇವನು. ಆ ವ್ಯಾಪಾರ ಕೈಗೂಡದೆ ಹೋಗಿ ನಿಜಾಮರ ಸೈನ್ಯದಲ್ಲಿ ಕೆಲಸಕ್ಕೆ ಸೇರಿದನು. ಕಂಪನಿಯ ದೊಡ್ಡ ಅಧಿಕಾರಿಗಳ ಸಾಲಿಗೆ ಸೇರಿದವನಲ್ಲ. ದೊಡ್ಡ ವಿದ್ಯಾಶಾಲೆಯಲ್ಲಿ ಓದಿದವನೂ ಅಲ್ಲ. ನ್ಯಾಯಶಾಸ್ತ್ರ, ಭೂಮಾಪನ, ಕಟ್ಟಡದ ವಿದ್ಯೆ, ದೇಶಭಾಷೆಗಳು, ಎಲ್ಲವನ್ನೂ ತಾನೇ ಕಲಿತುಕೊಂಡನು. 1839ರಲ್ಲಿ ಪ್ರಕಟವಾದ ಠಕ್ಕರ ಕಥೆಯ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದನು. ಮುಂದಿನ ವರ್ಷ ಟೀಪೂ ಸುಲ್ತಾನನನ್ನು ಕುರಿತ ಕಾದಂಬರಿ ಬಂದಿತು. ಇವನ ಪತ್ನಿ ಮೇರಿ, ಹೈದರಾಬಾದಿನಲ್ಲಿ ಸಾಹುಕಾರಿಕೆ ನಡೆಸಿದ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಹಿಂದೂಸ್ತಾನದ ಕುಲೀನ ಮುಸಲ್ಮಾನ ಮನೆತನದವಳು. ಹೀಗಾಗಿ ಟೇಲರನ ಮನೆವಾರ್ತೆಯಲ್ಲಿಯೇ ಎರಡು ದೇಶಗಳ ರಕ್ತ ಬೆರೆತಿದ್ದಿತು. ಮೇರಿ 1844ರಲ್ಲಿ ತೀರಿಕೊಂಡಳು. ಆಮೇಲೆ ಅವನು ಈ ಸೀಮೆಯಲ್ಲಿ ಕಳೆದುದು ಬಹುಮಟ್ಟಿಗೆ ಒಂಟಿಯ ಬಾಳು.

ಸುರಪುರದಲ್ಲಿ ಆಗ ಗೊಂದಲದ ಕಾಲ. ರಾಜ ಕೃಷ್ಣಪ್ಪನಾಯಕನು ಮಡಿದಿದ್ದನು. ಮಗ ವೆಂಕಟಪ್ಪನಾಯಕ ಇನ್ನೂ ಎಳೆಯ ಬಾಲಕ. ತಾಯಿ ರಾಣಿ ಈಶ್ವರಮ್ಮನದು ಒಂದು ಪಕ್ಷ, ಚಿಕ್ಕಪ್ಪ ಪಿಡ್ಡನಾಯಕನದು ಇನ್ನೊಂದು. ಬೊಕ್ಕಸ ಬರಿದು, ಹೈದರಾಬಾದಿಗೆ ಸಲ್ಲಬೇಕಾದ ನಜರಾಣೆಯ ಭಾರ ಹೆಗಲ ಮೇಲೆ. ಹೈದರಾಬಾದಿನ ರೆಸಿಡೆಂಟನಾದ ಜನರಲ್ ಫ್ರೇಸರನು ಟೇಲರನನ್ನು ಇಲ್ಲಿಗೆ ಕಳುಹಿಸಿದನು. ಬಾಲಕನಿಗೆ ಪ್ರಾಯ ತುಂಬುವ ವರೆಗೆ, ಎಂದರೆ 1853ರ ವರೆಗೆ, ಸಂಸ್ಥಾನದ ಆಡಳಿತವೆಲ್ಲ ಇವನ ಕೈಯಲ್ಲಿದ್ದಿತು. ಈ ಅವಧಿಯಲ್ಲಿ ಅವನು ತನ್ನ ವಾಸಕ್ಕೆಂದು ಊರಿನ ಮೇಲಣ ಗುಡ್ಡದ ನೆತ್ತಿಯಲ್ಲಿ ಕಟ್ಟಿಕೊಂಡುದೇ ಟೇಲರ್ ಮಂಜಿಲ್.

ಮನೆಯ ಜಾಗವನ್ನು ಗಮನಿಸಬೇಕು. ಬಂದವನು ಅರಮನೆಯ ನೆರೆಯಲ್ಲಿ ಬಿಡಾರ ಮಾಡಬಹುದಾಗಿತ್ತು. ಊರ ಹೊರಗಿನ ಬಯಲಿನಲ್ಲಿ, ದಂಡಿನ ಅಧಿಕಾರಿಗಳ ವಾಡಿಕೆಯಂತೆ, ತೋಟದ ನಡುವೆ ಮನೆ ಕಟ್ಟಬಹುದಾಗಿತ್ತು. ಅರಮನೆಯ ಬಳಿ ಇದ್ದಿದ್ದರೆ ಎರಡು ಪಕ್ಷಗಳಲ್ಲಿ ಒಂದು ಪಕ್ಷದವನೆನಿಸಿಕೊಳ್ಳುತ್ತಿದ್ದನು. ಬಯಲಿನಲ್ಲಿ ಇದ್ದಿದ್ದರೆ ಹೊರಗಿನವನಾಗಿಯೇ ಉಳಿಯುತ್ತಿದ್ದನು. ಗುಡ್ಡದ ನೆತ್ತಿ ಎರಡೂ ಅಲ್ಲ. ಅಲ್ಲಿಂದ ಊರು ಕಾಣುತ್ತದೆ. ಊರಿಗೆ ಅವನೂ ಕಾಣುತ್ತಾನೆ. ಫಿರ್ಯಾದಿಯನ್ನು ಹಿಡಿದು ಬರುವವನಿಗೆ ಸಾಹೇಬನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾದುದಿಲ್ಲ.

ಇನ್ನು ಕಟ್ಟಡದ ಕ್ರಮ. ಬಂಗಲೆಯೆಂಬ ಮಾತು ಬಂಗಾಳದ ಹುಲ್ಲುಮನೆಯಿಂದ ಹುಟ್ಟಿದುದು. ಇಂಗ್ಲಿಷರು ಆ ಗುಡಿಸಲಿನ ಅಳತೆಯನ್ನು ಹಿಗ್ಗಿಸಿ, ಹುಲ್ಲಿನ ಬದಲು ಗಾರೆಯನ್ನೋ ಹೆಂಚನ್ನೋ ಹಾಕಿ, ಹಿಂದೂಸ್ತಾನದ ಉದ್ದಗಲಕ್ಕೂ ಹರಡಿದರು. ಅದರ ಧರ್ಮ ನಮ್ಮ ಮಾಳಿಗೆಯ ಮನೆಯ ಧರ್ಮಕ್ಕೆ ತಿರುಗುಮುರುಗಾದುದು. ಮಾಳಿಗೆಯ ಮನೆಯಲ್ಲಿ ಗೋಡೆ ಹೊರಗೆ, ಬೆಳಕು ಒಳಗೆ. ಬಂಗಲೆಯಲ್ಲಿ ನಡುಮನೆ ಒಳಗೆ, ಅದರ ಸುತ್ತ ಕೋಣೆಗಳು, ಕೋಣೆಗಳ ಹೊರಗೆ ನೆರಳಿನ ಮೊಗಸಾಲೆ. ಮಾಳಿಗೆಯ ಮನೆಗೆ ಒಂದು ಬಾಗಿಲು ಸಾಕು. ಬಂಗಲೆಗೆ ಬಾಗಿಲೇ ಬಂಡವಾಳ. ಎತ್ತರವಾದ ಛಾವಣಿಯಡಿ ಬಿಸಿಗಾಳಿ ಮೇಲಕ್ಕೇರುತ್ತದೆ. ಎದುರುಬದಿರಾದ ಬಾಗಿಲುಗಳಲ್ಲಿ ತಂಗಾಳಿ ಹಾಯುತ್ತದೆ. ಮಾಳಿಗೆಯ ಮನೆ ಬಿಸಿಲನ್ನು ತಡೆದು ಗೆಲ್ಲುತ್ತದೆ. ಬಂಗಲೆ ಗಾಳಿಯನ್ನು ಬರಮಾಡಿಕೊಂಡು ಗೆಲ್ಲುತ್ತದೆ. ಗಾಳಿಯನ್ನು ನಂಬಿದ ಇಂತಹ ಕಟ್ಟಡಕ್ಕೆ ಗುಡ್ಡದ ನೆತ್ತಿಗಿಂತ ಒಳ್ಳೆಯ ನಿವೇಶನವಿಲ್ಲ.

ಆದರೆ ನೆತ್ತಿಯ ಮೇಲೆ ಕಟ್ಟುವುದೆಂದರೆ ಸುಲಭದ ಕೆಲಸವಲ್ಲ. ತಳಪಾಯಕ್ಕೆ ಅಗೆಯುವ ಕಷ್ಟವಿಲ್ಲ, ಹುಟ್ಟುಬಂಡೆಯೇ ತಳಪಾಯ. ಗೋಡೆಗೆ ಕಲ್ಲಿನ ಕೊರತೆಯಿಲ್ಲ. ಮಿಕ್ಕುದೆಲ್ಲ ಕೆಳಗಿನಿಂದ ಬರಬೇಕು. ಈ ಸೀಮೆಯಲ್ಲಿ ಗಾರೆಯನ್ನು ಮಾಡುತ್ತಿದ್ದುದು ಸುಣ್ಣದ ಹರಳನ್ನು ಸುಟ್ಟು, ಮರಳು ಬೆರಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು. ಅಂತಹ ಗಾರೆ ಗಟ್ಟಿಗೊಳ್ಳುವ ವರೆಗೆ ಗೋಡೆಗೆ ದಿನದಿನವೂ ನೀರು ಕುಡಿಸುತ್ತಿರಬೇಕು; ಗುಡ್ಡದ ಮೇಲೆ ಆ ನೀರಿನ ಒಂದೊಂದು ಕೊಡವೂ ಹೊತ್ತು ತಂದುದು. ತೊಲೆಗಳಿಗೆ ಬೇಕಾದ ನೆಟ್ಟನೆಯ ಮರ ಈ ಬಯಲುಸೀಮೆಯಲ್ಲಿ ದುರ್ಲಭ. ಆದುದರಿಂದ ಇಂತಹ ಮನೆಯನ್ನು ನೋಡುವಾಗ, ಯೋಚನೆ ಮಾಡಿದವನೊಬ್ಬನನ್ನು ನೆನೆಯುವಂತೆಯೇ, ಹೆಸರಿಲ್ಲದೆ ಹೋದ ಉಪ್ಪಾರರನ್ನೂ ಕಲ್ಲುಕುಟಿಗರನ್ನೂ ನೀರು ಹೊತ್ತ ಹೆಂಗಸರನ್ನೂ ನೆನೆಯುವುದು ನ್ಯಾಯ. ರಾಯಚೂರಿನ ಗೋಡೆಯ ಮೇಲೆ ಕೋಣಗಳ ಸಾಲಿಗಾದರೂ ಚಿತ್ರವುಂಟು. ಇವರಿಗೆ ಅದೂ ಇಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಬಾಲಾಹಿಸಾರಿಗೂ ಟೇಲರ್ ಮಂಜಿಲಿಗೂ ಇರುವ ದೊಡ್ಡ ಭೇದವೇನೆಂದರೆ, ಇಲ್ಲಿ ಬುರುಜಿಲ್ಲ, ತೋಪಿಲ್ಲ, ಕಂದಕವಿಲ್ಲ. ಎಡೆದೊರೆಯ ಆಸುಪಾಸಿನ ಗುಡ್ಡಗಳ ಮೇಲೆ ಆಳುವವರು ಕಟ್ಟಿದ ಮನೆಗಳಲ್ಲಿ, ಕೋಟೆಯ ನೆರವಿಲ್ಲದೆ, ಎಲ್ಲ ಕಡೆಗೂ ಮುಖ ತೆರೆದುಕೊಂಡು ನಿಂತ ಮನೆಯೆಂದರೆ ಮೊದಲು ನೆನಪಿಗೆ ಬರುವುದು ಇದೇ. ಮೊಗಲ್ ಚಕ್ರವರ್ತಿಯನ್ನೇ ಮೂರು ತಿಂಗಳು ತಡೆದ ಬೇಡರ ನಾಡಿನಲ್ಲಿ, ಬಂದೂಕು ಕತ್ತಿಗಳು ಮನೆಮನೆಯಲ್ಲಿದ್ದ ಊರಿನಲ್ಲಿ, ಒಬ್ಬ ಪರದೇಶೀಯನು ಕೋಟೆಯಿಲ್ಲದ ಮನೆಯಲ್ಲಿ ಹತ್ತು ವರ್ಷಕ್ಕೂ ಮಿಕ್ಕು ನಿದ್ರೆ ಮಾಡಿದುದು ಹೇಗೆ?

ಇದಕ್ಕೆ ಎರಡು ಉತ್ತರಗಳಿವೆ, ಎರಡೂ ಸತ್ಯ. ಮೊದಲನೆಯದು ಜನರ ವಿಶ್ವಾಸ. ಟೇಲರನು ಕೆರೆಗಳನ್ನು ನೋಡಿಕೊಂಡನು. ನಾಯಕರ ಕಾಲದ ಬೋನಾಳದ ಕೆರೆಯನ್ನು ಹಿಗ್ಗಿಸಿ ಬಲಪಡಿಸಿದನು. ಇಂದು ಪಕ್ಷಿಧಾಮವೆಂದು ಹೆಸರಾಗಿ, ಚಳಿಗಾಲದಲ್ಲಿ ದೂರದೇಶದ ಬಾತುಗಳನ್ನು ಬರಮಾಡಿಕೊಳ್ಳುವ ಕೆರೆ ಅದೇ. ಲೆಕ್ಕಪತ್ರಗಳನ್ನು ಕ್ರಮಕ್ಕೆ ತಂದನು, ಸಾಲವನ್ನು ತಗ್ಗಿಸಿದನು, ಬಂದವರ ಮಾತನ್ನು ಅವರ ನುಡಿಯಲ್ಲಿಯೇ ಕೇಳಿದನು. ಮೆಡೋಸ್ ಎಂಬ ಹೆಸರು ಜನರ ಬಾಯಲ್ಲಿ ಮಹಾದೇವ ಎಂದಾಯಿತು. ಅವನು ಮಹಾದೇವ ಬಾಬಾ ಆದನು. ಬಾಲರಾಜನಂತೂ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ತಂದೆಯಿಲ್ಲದ ಮಗು, ಮಕ್ಕಳು ದೂರವಾದ ತಂದೆ. ಆ ಕರೆಯಲ್ಲಿ ಕಪಟವಿರಲಿಲ್ಲವೆಂದು ನಂಬಬಹುದು.

ಎರಡನೆಯ ಉತ್ತರವನ್ನು ಮರೆಮಾಚಬಾರದು. ಆ ಬಂಗಲೆಗೆ ಗೋಡೆ ಇದ್ದೇ ಇದ್ದಿತು. ಅದು ಗುಡ್ಡದ ಮೇಲೆ ಇರಲಿಲ್ಲ, ಅಷ್ಟೆ. ಕೃಷ್ಣೆಯ ಆಚೆ ಲಿಂಗಸೂಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡುಪ್ರದೇಶವಿದ್ದಿತು. ಗುಡ್ಡದ ಮೇಲಿನಿಂದ ಒಂದು ಚೀಟಿ ಹೊರಟರೆ ಕೆಲವೇ ದಿನಗಳಲ್ಲಿ ಕುದುರೆಪಡೆ ಬರಬಹುದಾಗಿದ್ದಿತು. ಊರಿನವರಿಗೂ ಇದು ಗೊತ್ತು, ಬಂಗಲೆಯಲ್ಲಿದ್ದವನಿಗೂ ಗೊತ್ತು. ತೆರೆದ ಬಾಗಿಲಿನ ಹಿಂದೆ ಒಂದು ಮುಚ್ಚಿದ ಮುಷ್ಟಿ ಇದ್ದಿತು. ಟೇಲರನ ಒಳ್ಳೆಯತನ ನಿಜವಾದುದೇ. ಅವನನ್ನು ಅಲ್ಲಿಗೆ ಕಳುಹಿಸಿದ ಅಧಿಕಾರದ ಸ್ವರೂಪವೂ ಅಷ್ಟೇ ನಿಜವಾದುದು.

ಈ ಎರಡು ಗೋಡೆಗಳಲ್ಲಿ ಯಾವುದು ಗಟ್ಟಿಯೆಂಬ ಪರೀಕ್ಷೆ ಬೇಗನೆ ಬಂದಿತು. 1853ರಲ್ಲಿ ವೆಂಕಟಪ್ಪನಾಯಕನಿಗೆ ಆಡಳಿತವನ್ನು ಒಪ್ಪಿಸಿ ಟೇಲರನು ಗುಡ್ಡವನ್ನಿಳಿದು ನಳದುರ್ಗದ ಜಿಲ್ಲೆಗೆ ಹೋದನು. ಆ ವರ್ಷವೇ ನಿಜಾಮರು ವರಾಡ, ನಳದುರ್ಗ, ರಾಯಚೂರು ದೋಆಬ್ ಇವುಗಳನ್ನು ಕಂಪನಿಯವರ ವಶಕ್ಕೆ ಕೊಟ್ಟಿದ್ದರು. ಟೇಲರನಿಗಿದ್ದ ವಿಶ್ವಾಸ ಅವನೊಡನೆ ಹೋಯಿತು. ಹಿಂದೆ ಉಳಿದುದು ಲಿಂಗಸೂಗೂರಿನ ದಂಡು ಮಾತ್ರ. ವ್ಯಕ್ತಿಯ ಮೇಲಣ ನಂಬಿಕೆಯನ್ನು ಚಾವಿಯ ಗೊಂಚಲಿನಂತೆ ಬೇರೊಬ್ಬನ ಕೈಗೆ ಒಪ್ಪಿಸಿ ಹೋಗಲು ಬರುವುದಿಲ್ಲ.

1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. ತರುಣ ರಾಜನು ಅರಬ್ಬರನ್ನೂ ರೋಹಿಲರನ್ನೂ ದಂಡಿಗೆ ಸೇರಿಸಿಕೊಳ್ಳುತ್ತಿದ್ದಾನೆಂಬ ವರ್ತಮಾನ ಹೈದರಾಬಾದಿಗೆ ಮುಟ್ಟಿತು. ಎಚ್ಚರಿಕೆ ಹೇಳಲು ಕ್ಯಾಪ್ಟನ್ ಕ್ಯಾಂಬೆಲನು ಬಂದನು. ಅವನ ಬೆನ್ನಿಗೆ ದಂಡೂ ಬಂದಿತು. 1858ರ ಫೆಬ್ರವರಿಯಲ್ಲಿ ಬೇಡರು ರಾತ್ರಿಯ ವೇಳೆ ಆ ಬೀಡಿನ ಮೇಲೆ ಬಿದ್ದರು. ಮರುದಿನ ಹೊಸ ಪಡೆ ಬಂದು ಕೂಡಿತು. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಆದರೂ ಅಷ್ಟು ಬಲದೆದುರಿಗೆ ಸುರಪುರ ನಿಲ್ಲಲಾರದೆ ಹೋಯಿತು. ರಾಜನು ಹೈದರಾಬಾದಿಗೆ ಹೋಗಿ, ಅಲ್ಲಿ ಸೆರೆ ಸಿಕ್ಕಿದನು. ಅದೇ ವರ್ಷ ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ತಲೆಯೆತ್ತಿ ನಾಶವಾದುದನ್ನು ನೆನೆದರೆ, ಸುರಪುರದ ತರುಣನು ಒಂಟಿಯಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಮುಂದಿನ ವೃತ್ತಾಂತವನ್ನು ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಸೆರೆಮನೆಯಲ್ಲಿ ರಾಜನನ್ನು ಕಂಡಾಗ ಅವನು ಓಡಿಬಂದು ತನ್ನನ್ನು ತಬ್ಬಿಕೊಂಡನೆಂದೂ, ಯಾರು ನಿನ್ನನ್ನು ಇದಕ್ಕೆ ಹುರಿದುಂಬಿಸಿದರು ಹೇಳು ಎಂದರೆ ಒಬ್ಬರ ಹೆಸರನ್ನೂ ಹೇಳಲೊಪ್ಪಲಿಲ್ಲವೆಂದೂ, ತಾನು ಕಳ್ಳನಲ್ಲ, ಸಾಯಬೇಕಾದರೆ ತನ್ನನ್ನು ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಲಿ ಎಂದು ಬೇಡಿದನೆಂದೂ ಬರೆದಿದ್ದಾನೆ. ಮೊದಲು ಮರಣದಂಡನೆಯೆಂದು ತೀರ್ಪಾಯಿತು. ಅದನ್ನು ದೇಶಾಂತರ ಶಿಕ್ಷೆಗೆ ಇಳಿಸಲಾಯಿತು. ಗವರ್ನರ್ ಜನರಲನು ಅದನ್ನೂ ತಗ್ಗಿಸಿ, ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ, ನಡತೆ ಒಳ್ಳೆಯದಾದರೆ ಸಂಸ್ಥಾನ ಹಿಂದಕ್ಕೆ, ಎಂದು ಅಪ್ಪಣೆ ಮಾಡಿದನು. ಆದರೆ ದಾರಿಯ ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ತಗಲಿ ರಾಜನು ಸತ್ತನು. ತಾನೇ ಹಾರಿಸಿಕೊಂಡನೆಂದು ಸರ್ಕಾರದ ಹೇಳಿಕೆ. ಅವನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಬರೆದಿದ್ದುದನ್ನು ಅರಮನೆಯ ಭಟ್ಟನೊಬ್ಬನು ಬಹುಕಾಲದ ಹಿಂದೆ ಗುಟ್ಟಾಗಿ ತನಗೆ ತಿಳಿಸಿದ್ದನೆಂಬುದನ್ನೂ ಟೇಲರನೇ ಬರೆದಿದ್ದಾನೆ. ಜಾತಕವನ್ನು ನಂಬುವುದು ಬಿಡುವುದು ಅವರವರ ಇಚ್ಛೆ. ಆದರೆ ಆ ತರುಣನನ್ನು ಕೊಂದುದು ಗ್ರಹಗಳೆಂದರೆ ಇತಿಹಾಸದ ಹೊಣೆಯನ್ನು ಆಕಾಶದ ಮೇಲೆ ಹಾಕಿದಂತಾಗುತ್ತದೆ.

1858ರಲ್ಲಿ ಟೇಲರನು ಮತ್ತೆ ಸುರಪುರಕ್ಕೆ ಬಂದನು. ಈ ಸಲ ಬಾಲರಾಜನ ಪಾಲಕನಾಗಿ ಅಲ್ಲ, ರಾಜನಿಲ್ಲದ ನಾಡಿನ ಅಧಿಕಾರಿಯಾಗಿ. ಕೆಳಗೆ ಅದೇ ಊರು, ಅದೇ ಅರಮನೆ. ಅಪ್ಪಾ ಎಂದು ಕರೆಯುವ ದನಿ ಮಾತ್ರ ಇಲ್ಲ. 1860ರಲ್ಲಿ ದೇಹಸ್ಥಿತಿ ಕೆಟ್ಟು ಅವನು ಸ್ವದೇಶಕ್ಕೆ ಹೊರಟನು. ಆ ವರ್ಷದ ಕರಾರಿನಂತೆ ಸುರಪುರವೂ ರಾಯಚೂರು ದೋಆಬೂ ನಿಜಾಮರಿಗೆ ಸೇರಿದುವು. ನಾಯಕರ ಸಂಸ್ಥಾನ ಅಲ್ಲಿಗೆ ಮುಗಿಯಿತು. ಟೇಲರನು ಇನ್ನೂ ಹಲವು ಕಾದಂಬರಿಗಳನ್ನು ಬರೆದನು, ಹಿಂದೂಸ್ತಾನದ ಇತಿಹಾಸವನ್ನೂ ಬರೆದನು. 1876ರ ಮೇ 13ರಂದು ಫ್ರಾನ್ಸಿನ ಮೆಂಟೋನಿನಲ್ಲಿ ತೀರಿಕೊಂಡನು. ಆತ್ಮಚರಿತ್ರೆ ಮರುವರ್ಷ ಅಚ್ಚಾಯಿತು.

ಇದೇ ಟೇಲರನು ಸುರಪುರದ ಸೀಮೆಯಲ್ಲಿ ಇನ್ನೊಂದು ಬಗೆಯ ಮನೆಗಳನ್ನು ಹುಡುಕಿ ಅಳೆದಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ರಾಜನಕೋಳೂರಿನ ಬಳಿ ಬಂಡೆಯ ಹಾಸುಗಳನ್ನು ನಿಲ್ಲಿಸಿ ಮೇಲೊಂದು ಹಾಸನ್ನು ಮುಚ್ಚಿದ ಬೃಹತ್ ಶಿಲಾಯುಗದ ಕಟ್ಟಡಗಳಿವೆ. ಈ ಬಗೆಯ ಕಟ್ಟಡಗಳನ್ನು ಜನರು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಕುಳ್ಳರಾದ ಒಂದು ಜನಾಂಗ ಅವುಗಳಲ್ಲಿ ವಾಸವಾಗಿದ್ದಿತೆಂಬುದು ಅವರ ನಂಬಿಕೆ. ಟೇಲರನು ಇಂತಹ ಗೋರಿಗಳನ್ನು ಜೇವರಗಿಯ ಬಳಿ ಅಗೆಸಿ ಎಲುಬುಗಳನ್ನೂ ಮಡಕೆಗಳನ್ನೂ ಕಂಡನು. ಅವು ಮನೆಗಳಲ್ಲ, ಸಮಾಧಿಗಳೆಂದು ವಿದ್ವಾಂಸರಿಗೆ ತಿಳಿಸಿದವರಲ್ಲಿ ಅವನೂ ಒಬ್ಬನು. ಅವುಗಳನ್ನು ಕಟ್ಟಿದವರ ಹೆಸರು ಒಂದೂ ಉಳಿದಿಲ್ಲ. ಮನೆಯೆಂದು ಜನ ಕರೆದುದು ಸಮಾಧಿಯಾಗಿದ್ದಿತು. ಅವನ ಮನೆಯ ವಿಷಯದಲ್ಲಿ ಇದರ ತಿರುಗುಮುರುಗು ಆಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಟೇಲರನ ತರುವಾಯ ಆ ಬಂಗಲೆ ಸರ್ಕಾರದ ಕೈಗೆ ಬಂದು, ಪ್ರವಾಸ ಬಂದ ಅಧಿಕಾರಿಗಳು ಇಳಿದುಕೊಳ್ಳುವ ಬಿಡಾರವಾಗಿ ಬಳಕೆಯಾಯಿತು. ಇದರಲ್ಲಿ ಒಂದು ಔಚಿತ್ಯವುಂಟು. ಮಂಜಿಲ್ ಎಂಬ ಅರಬ್ಬೀ ಮಾತಿಗೆ ನಾವು ಮಹಲೆಂದೋ ಅಂತಸ್ತೆಂದೋ ಅರ್ಥ ಹೇಳುತ್ತೇವೆ. ಅದರ ಮೂಲಾರ್ಥ ಮಾತ್ರ ದಾರಿಹೋಕನು ವಾಹನದಿಂದಿಳಿದು ತಂಗುವ ಎಡೆ. ಟೇಲರನು ತಂಗಿ ಹೋದನು. ಕಂಪನಿಯ ಸರ್ಕಾರ ತಂಗಿ ಹೋಯಿತು. ನಿಜಾಮರ ಆಳ್ವಿಕೆಯೂ 1948ರಲ್ಲಿ ಹೊರಟುಹೋಯಿತು. ಕೆಳಗಿನ ಊರು ಮಾತ್ರ ಇದ್ದಲ್ಲಿಯೇ ಇದೆ.

ಮನೆಯ ಹೆಸರಿನಲ್ಲಿ ಟೇಲರನೊಬ್ಬನೇ ಉಳಿದಿದ್ದಾನೆ. ಅವನು ಆ ಗೌರವಕ್ಕೆ ಅರ್ಹನೇ. ಆದರೆ ಗುಡ್ಡವನ್ನೇರುವವರು ಅಲ್ಲಿ ನಿಂತು ಊರನ್ನು ನೋಡುವಾಗ, ಅರಮನೆಯ ಕಡೆಗೂ ಒಮ್ಮೆ ತಿರುಗಿ, ಅಲ್ಲಿಂದ ಈ ಮನೆಯನ್ನು ದಿನವೂ ನೋಡುತ್ತ ಬೆಳೆದ ಬಾಲಕನನ್ನು ನೆನೆಯಬೇಕು. ಮೇಲಿನವನಿಗೆ ಕೆಳಗಿನ ಊರು ಹೇಗೆ ಕಂಡಿತೆಂಬುದನ್ನು ಅವನೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಕೆಳಗಿನವನಿಗೆ ಮೇಲಣ ಮನೆ ಹೇಗೆ ಕಂಡಿತೆಂಬುದನ್ನು ಬರೆಯಲು ಅವನಿಗೆ ಇಪ್ಪತ್ತನಾಲ್ಕು ವರ್ಷಗಳೂ ಸಾಲದೆ ಹೋದುವು. ಗುಡ್ಡದ ಮೇಲಣ ಮನೆಯ ಚರಿತ್ರೆಯನ್ನು ಎರಡೂ ಕಡೆಗಳಿಂದ ನೋಡಿ ಹೇಳುವುದು ನಮ್ಮ ಪಾಲಿಗೆ ಬಂದ ಕರ್ತವ್ಯ. ಬಾಲಾಹಿಸಾರಿನ ತೋಪು ಇಂದು ಯಾರನ್ನೂ ಹೆದರಿಸುವುದಿಲ್ಲ; ಬಂಗಲೆಯ ಬಾಗಿಲೂ ಯಾರ ಮೇಲೂ ಅಧಿಕಾರ ನಡೆಸುವುದಿಲ್ಲ. ಭಯವೂ ಅಧಿಕಾರವೂ ಇಳಿದುಹೋದ ಮೇಲೆ ಉಳಿಯುವುದು ಕಲ್ಲು, ಗಾರೆ ಮತ್ತು ಗಾಳಿ. ಅವುಗಳೊಡನೆ, ಕೇಳಬಲ್ಲವರಿಗೆ, ಅಪ್ಪಾ ಎಂಬ ಒಂದು ಕರೆ.